ಕಪ್ಪುಕುಳಿಯ ಕಂಪನ: ಒಂದು ಪ್ರಶ್ನೆಯ ಐವತ್ತೈದು ವರ್ಷ



2025ರ ಜನವರಿ 14, ಸಂಕ್ರಾಂತಿಯ ದಿನ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡಕ್ಕೆ ಇನ್ನೂ ಎಂಟು ನಿಮಿಷ ಇತ್ತು. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಊರುಗಳ ಲೈಗೊ ವೀಕ್ಷಣಾಲಯಗಳು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಒಂದು ಅಲುಗಾಟವನ್ನು ದಾಖಲಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ ಕೂಡಿಕೊಂಡು ಒಂದಾಗಿದ್ದವು. ಆ ಕೂಡಿಕೆಯಿಂದ ಹೊರಟ ಗುರುತ್ವದ ಅಲೆ ಅಂದು ಭೂಮಿಯನ್ನು ಹಾದುಹೋಯಿತು. ಅಲ್ಲಿಯವರೆಗೆ ಸಿಕ್ಕ ಗುರುತ್ವದ ಅಲೆಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿರಲಿಲ್ಲ. ವಿಜ್ಞಾನಿಗಳು ಅದಕ್ಕೆ ಆ ದಿನದ ತಾರೀಖನ್ನೇ ಹೆಸರಾಗಿ ಕೊಟ್ಟರು: ಜಿಡಬ್ಲ್ಯು250114.

ಗುರುತ್ವದ ಸಂಶೋಧನೆ ಇವತ್ತು ಬಹಳ ವಿಸ್ತಾರವಾದದ್ದು. ವಿಶ್ವದ ಹಿಗ್ಗುವಿಕೆ, ಡಾರ್ಕ್ ಎನರ್ಜಿ, ಕ್ವಾಂಟಂ ಗುರುತ್ವ, ಐನ್‌ಸ್ಟೈನರ ಸಿದ್ಧಾಂತಕ್ಕೆ ಬದಲಿಯಾಗಿ ಬಂದಿರುವ ಹತ್ತಾರು ಸಿದ್ಧಾಂತಗಳು, ಎಲ್ಲವೂ ಇದರೊಳಗೇ ಬರುತ್ತವೆ. ಒಂದು ಗಂಟೆಯ ಉಪನ್ಯಾಸದಲ್ಲಿ ಎಲ್ಲದರ ಮೇಲೂ ಕೈಯಾಡಿಸಿದರೆ ನಿಮಗೆ ಹೆಸರುಗಳಷ್ಟೇ ಸಿಕ್ಕಾವು. ಆದ್ದರಿಂದ ಒಂದೇ ಎಳೆಯನ್ನು ಹಿಡಿಯುತ್ತೇನೆ. ಎರಡು ಕಪ್ಪುಕುಳಿಗಳು ಕೂಡಿದ ಮೇಲೆ ಹೊಸದಾಗಿ ಹುಟ್ಟಿದ ಕಪ್ಪುಕುಳಿ ಕೆಲವು ಮಿಲಿಸೆಕೆಂಡು ಕಂಪಿಸಿ ಸುಮ್ಮನಾಗುತ್ತದೆ. ಆ ಕಂಪನವೇ ನನ್ನ ವಿಷಯ. ಸಂಶೋಧಕರು ಇದನ್ನು ರಿಂಗ್‌ಡೌನ್ ಎನ್ನುತ್ತಾರೆ. ಇದನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಐನ್‌ಸ್ಟೈನರ ಸಿದ್ಧಾಂತವನ್ನು ಅತ್ಯಂತ ಕಠಿಣವಾಗಿ ಒರೆಗೆ ಹಚ್ಚುವ ಜಾಗಗಳಲ್ಲಿ ಇವತ್ತು ಇದೂ ಒಂದು. ಇನ್ನೊಂದು, ಕಪ್ಪುಕುಳಿ ಹೀಗೆ ಕಂಪಿಸುತ್ತದೆ ಎಂದು ಮೊದಲು ಲೆಕ್ಕ ಮಾಡಿ ತೋರಿಸಿದವರು ಬೆಂಗಳೂರಿನವರು, ಸಿ.ವಿ. ವಿಶ್ವೇಶ್ವರ. ಅವರ ಪ್ರಬಂಧ ಪ್ರಕಟವಾದದ್ದು 1970ರಲ್ಲಿ. ಅಲ್ಲಿಂದ 2025ರ ಸಂಕ್ರಾಂತಿಯವರೆಗೆ ಐವತ್ತೈದು ವರ್ಷ.

ಮೊದಲು ಹಿನ್ನೆಲೆ, ಚುಟುಕಾಗಿ. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಮುಂದಿಟ್ಟರು. ದ್ರವ್ಯ ಮತ್ತು ಶಕ್ತಿ ಇರುವಲ್ಲಿ ದೇಶಕಾಲ ಬಾಗುತ್ತದೆ, ಆ ಬಾಗನ್ನು ಅನುಸರಿಸಿ ವಸ್ತುಗಳು ಚಲಿಸುತ್ತವೆ, ನಾವು ಗುರುತ್ವ ಎನ್ನುವುದು ಇದನ್ನೇ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯೊಂದಿಗೆ ರಣರಂಗದಲ್ಲಿದ್ದ ಕಾರ್ಲ್ ಶ್ವಾರ್ಝ್‌ಶಿಲ್ಡ್ ಕೆಲವೇ ವಾರಗಳಲ್ಲಿ ಈ ಸಮೀಕರಣಗಳಿಗೆ ಒಂದು ನಿಖರವಾದ ಪರಿಹಾರ ಕಂಡುಕೊಂಡರು. 1916ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಆ ಪರಿಹಾರದೊಳಗೆ ಒಂದು ವಿಚಿತ್ರವಾದ ಮೇಲ್ಮೈ ಅಡಗಿತ್ತು. ಅದರ ಒಳಗೆ ಹೋದದ್ದು, ಬೆಳಕೂ ಸೇರಿ, ಹೊರಗೆ ಬರುವಂತಿಲ್ಲ. ನಾವೀಗ ಕಪ್ಪುಕುಳಿಯ ಗಡಿ ಎನ್ನುವುದು ಇದನ್ನೇ. ಅದು ನಿಜವಾದದ್ದೋ, ಗಣಿತದ ಸೃಷ್ಟಿಯೋ ಎಂಬುದು ಮುಂದಿನ ನಲವತ್ತು ವರ್ಷ ಇತ್ಯರ್ಥವಾಗಲಿಲ್ಲ. ಐನ್‌ಸ್ಟೈನರೇ ಅದನ್ನು ಒಪ್ಪಿರಲಿಲ್ಲ.

ಸಮೀಕರಣಕ್ಕೆ ಒಂದು ಪರಿಹಾರ ಇದೆ ಎಂದ ಮಾತ್ರಕ್ಕೆ ಅಂಥ ವಸ್ತು ಪ್ರಕೃತಿಯಲ್ಲಿ ಬಾಳುತ್ತದೆ ಎಂದು ಅರ್ಥವಲ್ಲ. ಅದನ್ನು ಸ್ವಲ್ಪ ಕದಲಿಸಿ ನೋಡಬೇಕು. ಕದಲಿಕೆ ತಾನಾಗಿ ಅಡಗಿದರೆ ಆ ವಸ್ತು ಸ್ಥಿರ. ಬೆಳೆಯುತ್ತ ಹೋದರೆ ಅದು ಕಾಗದದ ಮೇಲಷ್ಟೇ ಇರಬಲ್ಲದು, ಏಕೆಂದರೆ ಆಕಾಶದಲ್ಲಿ ಯಾವುದೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಒಂದು ಧೂಳಿನ ಕಣ ಬಿದ್ದರೂ ಅದು ಚೂರಾದೀತು. 1957ರಲ್ಲಿ ಟುಲಿಯೊ ರೆಜ್ಜೆ ಮತ್ತು ಜಾನ್ ವೀಲರ್ ಈ ಲೆಕ್ಕವನ್ನು ಶುರುಮಾಡಿದರು. ಆದರೆ ಆ ಮೇಲ್ಮೈಯ ಬಳಿ ಹೋದಾಗ ಅವರು ಬಳಸಿದ ನಿರ್ದೇಶಾಂಕಗಳೇ ಕೈಕೊಡುತ್ತಿದ್ದವು. ಅಲ್ಲಿ ಅಲೆ ಹೇಗೆ ವರ್ತಿಸಬೇಕು ಎಂಬ ಷರತ್ತನ್ನು ಹಾಕುವುದು ಕಷ್ಟವಾಯಿತು.

ಈ ಹಂತಕ್ಕೆ ವಿಶ್ವೇಶ್ವರ ಬರುತ್ತಾರೆ. ಹುಟ್ಟಿದ್ದು 1938ರಲ್ಲಿ ಬೆಂಗಳೂರಿನಲ್ಲಿ. ಕನ್ನಡದ ಬರಹಗಾರ ಸಿ.ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದು ಅಮೆರಿಕಕ್ಕೆ ಹೋದರು. ಅಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ಸೇರಿದರು. ಕಪ್ಪುಕುಳಿ ಸ್ಥಿರವೇ ಎಂಬ ಪ್ರಶ್ನೆ ಅವರ ಪಾಲಿಗೆ ಬಂತು. ಆ ವೇಳೆಗೆ ಮಾರ್ಟಿನ್ ಕ್ರಸ್ಕಲ್ ಎಂಬವರು ಆ ಮೇಲ್ಮೈಯಲ್ಲೂ ಕೆಡದ ಹೊಸ ನಿರ್ದೇಶಾಂಕಗಳನ್ನು ಕೊಟ್ಟಿದ್ದರು. ಅವನ್ನು ಬಳಸಿ ವಿಶ್ವೇಶ್ವರ ಲೆಕ್ಕವನ್ನು ಗಡಿಯವರೆಗೂ ಒಯ್ದರು. ಬೆಳೆಯುತ್ತ ಹೋಗುವ ಕದಲಿಕೆಗೆ ಅಲ್ಲಿ ಅವಕಾಶವಿಲ್ಲ ಎಂದು ತೋರಿಸಿದರು. ತಿರುಗದ ಕಪ್ಪುಕುಳಿ ಸ್ಥಿರ. ಇದಕ್ಕೂ ಮೊದಲು, 1968ರಲ್ಲಿ, ಇನ್ನೊಂದು ಮುಖ್ಯವಾದ ಕೆಲಸ ಮಾಡಿದ್ದರು: ತಿರುಗದ ಕಪ್ಪುಕುಳಿಯಲ್ಲಿ, ಯಾವುದೂ ನಿಂತಲ್ಲೇ ನಿಲ್ಲಲಾರದ ಮೇಲ್ಮೈಯೂ ಹಿಂದಿರುಗಲಾರದ ಮೇಲ್ಮೈಯೂ ಒಂದೇ, ತಿರುಗುವ ಕಪ್ಪುಕುಳಿಯಲ್ಲಿ ಅವೆರಡೂ ಬೇರೆಯಾಗುತ್ತವೆ. ಕಪ್ಪುಕುಳಿಯ ರಚನೆಯನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದವರು ಆಗ ಬೆರಳೆಣಿಕೆಯಷ್ಟು.

ಸ್ಥಿರ ಎಂದಾಯಿತು. ಅಲ್ಲಿಗೇ ಬಿಟ್ಟಿದ್ದರೂ ಪ್ರಬಂಧಕ್ಕೆ ಸಾಕಾಗುತ್ತಿತ್ತು. ಅವರು ಮುಂದಿನ ಪ್ರಶ್ನೆ ಕೇಳಿಕೊಂಡರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ದೊಡ್ಡ ಹೆಜ್ಜೆ. ಒಂಟಿಯಾಗಿ ಕೂತ ಕಪ್ಪುಕುಳಿ ಬೆಳಕು ಕೊಡುವುದಿಲ್ಲ, ಅದರ ಸುತ್ತ ಏನೂ ಇಲ್ಲ. ಹಾಗಿದ್ದರೆ ಅದು ಅಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಅದರ ಮೇಲೆ ಒಂದು ಅಲೆಯನ್ನು ಕಳಿಸಿ, ಚದುರಿ ಹಿಂತಿರುಗುವ ಅಲೆಯಲ್ಲಿ ಕಪ್ಪುಕುಳಿಯ ಗುರುತೇನಾದರೂ ಅಂಟಿಕೊಂಡಿದೆಯೇ ಎಂದು ನೋಡಬೇಕು. ಈ ಲೆಕ್ಕವನ್ನು ಅವರು ಕಂಪ್ಯೂಟರಿನಲ್ಲಿ ಮಾಡಿದರು. ಗುರುತ್ವದ ಅಲೆಯ ಒಂದು ಉಬ್ಬನ್ನು ಕಪ್ಪುಕುಳಿಯತ್ತ ಕಳಿಸಿದರು. ಉಬ್ಬು ಅಗಲವಾಗಿದ್ದಾಗ ಅದು ಹೆಚ್ಚುಕಡಿಮೆ ಹೋದ ಹಾಗೆಯೇ ಮರಳಿತು. ಕಪ್ಪುಕುಳಿಯ ಸುಳಿವೇ ಅದರಲ್ಲಿ ಇರಲಿಲ್ಲ. ಉಬ್ಬನ್ನು ಕಿರಿದು ಮಾಡುತ್ತ, ಕಪ್ಪುಕುಳಿಯ ಗಾತ್ರಕ್ಕೆ ಹತ್ತಿರ ತಂದಾಗ ಮರಳಿದ ಅಲೆಯ ಬಾಲದಲ್ಲಿ ಹೊಸದೊಂದು ಕಾಣಿಸಿತು: ಏರಿ ಇಳಿಯುತ್ತ, ಪ್ರತಿ ಸಲವೂ ಕುಗ್ಗುತ್ತ ಸಾಗುವ ಒಂದು ಕಂಪನ. ಕಳಿಸಿದ ಅಲೆಯ ಅಗಲವನ್ನು ಇನ್ನೂ ಕಡಿಮೆ ಮಾಡಿದರೂ ಬಾಲದ ಕಂಪನ ಬದಲಾಗಲಿಲ್ಲ. ಅದು ಕಳಿಸಿದ ಅಲೆಯ ಗುಣವಾಗಿರಲಿಲ್ಲ, ಕಪ್ಪುಕುಳಿಯ ಸ್ವಂತ ಗುಣವಾಗಿತ್ತು. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮುಂದೆ ಇಂಥ ಕಂಪನಗಳಿಗೆ ಕ್ವಾಸಿನಾರ್ಮಲ್ ಮೋಡ್ ಎಂಬ ಹೆಸರು ನಿಂತಿತು.

ದೇವಸ್ಥಾನದ ಗಂಟೆಯನ್ನು ಕೈಯಿಂದ ತಟ್ಟಿ, ನಾಲಗೆಯಿಂದ ಬಾರಿಸಿ, ಕಲ್ಲಿನಿಂದ ಹೊಡೆಯಿರಿ. ಮೊದಲ ಸದ್ದು ಬೇರೆಬೇರೆ ಇರಬಹುದು, ಆಮೇಲೆ ಉಳಿಯುವ ನಾದ ಆ ಗಂಟೆಯದೇ. ಕಪ್ಪುಕುಳಿಯ ವಿಷಯವೂ ಇಷ್ಟರಮಟ್ಟಿಗೆ ಹಾಗೆಯೇ. ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ, ಮುಂದಕ್ಕೆ ಇರುವುದು ವ್ಯತ್ಯಾಸ, ಮತ್ತು ಸ್ವಾರಸ್ಯ ಇರುವುದು ಆ ವ್ಯತ್ಯಾಸದಲ್ಲೇ. ಗಂಟೆಯ ನಾದ ಅದರ ಲೋಹ, ದಪ್ಪ, ಆಕಾರ, ಒಳಗಿನ ಬಿರುಕು ಎಲ್ಲದರ ಮೇಲೆ ನಿಂತಿದೆ. ಕಪ್ಪುಕುಳಿಯ ಕಂಪನ ನಿಂತಿರುವುದು ಎರಡೇ ಸಂಖ್ಯೆಗಳ ಮೇಲೆ: ಅದರ ದ್ರವ್ಯರಾಶಿ ಎಷ್ಟು, ಅದು ಎಷ್ಟು ರಭಸದಿಂದ ತಿರುಗುತ್ತದೆ. ಯಾವ ನಕ್ಷತ್ರದಿಂದ ಹುಟ್ಟಿತು, ಒಳಗೆ ಏನೇನು ಬಿತ್ತು, ಯಾವುದರ ಕುರುಹೂ ಅದರಲ್ಲಿ ಇರುವುದಿಲ್ಲ. ಹೀಗೆಂದು ಹೇಳುವುದು ಐನ್‌ಸ್ಟೈನರ ಸಿದ್ಧಾಂತ. ಬೇರೆ ಸಿದ್ಧಾಂತಗಳು ಬೇರೆ ಹೇಳಬಹುದು. ಪರೀಕ್ಷೆಗೆ ಎಡೆ ಸಿಗುವುದು ಇಲ್ಲೇ.

ಲೆಕ್ಕ ಸರಳವಾಗಿದೆ. ಸೂರ್ಯನಷ್ಟೇ ದ್ರವ್ಯರಾಶಿಯ, ತಿರುಗದ ಕಪ್ಪುಕುಳಿಯ ಮೂಲಸ್ವರ, ಅಂದರೆ ಅದರ ಮುಖ್ಯ ಕಂಪನದ ಆವೃತ್ತಿ, ಸುಮಾರು 12 ಸಾವಿರ ಹರ್ಟ್ಸ್. ದ್ರವ್ಯರಾಶಿ ಎಷ್ಟು ಪಟ್ಟು ಹೆಚ್ಚುತ್ತದೋ ಸ್ವರ ಅಷ್ಟು ಪಟ್ಟು ತಗ್ಗುತ್ತದೆ. ತಿರುಗುವಿಕೆ ಅದನ್ನು ಸ್ವಲ್ಪ ಏರಿಸುತ್ತದೆ. ಸೂರ್ಯನ ಅರವತ್ತೆರಡು ಪಟ್ಟು ಭಾರದ, ಚೆನ್ನಾಗಿ ತಿರುಗುವ ಕಪ್ಪುಕುಳಿಗೆ ಅದು 250 ಹರ್ಟ್ಸ್‌ನ ಆಸುಪಾಸಿಗೆ ಬರುತ್ತದೆ. ಅದರ ಕಂಪನ ಕುಗ್ಗಿಹೋಗಲು ಬೇಕಾದ ಕಾಲ ಸುಮಾರು ನಾಲ್ಕು ಮಿಲಿಸೆಕೆಂಡು. ಅಂದರೆ ಕೆಲವೇ ಸಲ ಕಂಪಿಸುವಷ್ಟರಲ್ಲಿ ಅದು ಉಪಕರಣದ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಏಕೆಂದರೆ ಅಲೆಯ ಶಕ್ತಿಯಲ್ಲಿ ಒಂದು ಪಾಲು ಒಳಗೆ ಬೀಳುತ್ತದೆ, ಉಳಿದದ್ದು ದೂರಕ್ಕೆ ಓಡುತ್ತದೆ. ಹಿಡಿದಿಡುವುದು ಅಲ್ಲಿ ಏನೂ ಇಲ್ಲ.

1970ರಲ್ಲಿ ಇಂಥ ಅಲೆಯನ್ನು ಅಳೆಯಬಲ್ಲಷ್ಟು ಸೂಕ್ಷ್ಮವಾದ ಉಪಕರಣ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಗುರುತ್ವದ ಅಲೆ ಇದೆಯೇ ಎಂಬುದಕ್ಕೆ ಪರೋಕ್ಷ ಪುರಾವೆ ಸಿಕ್ಕಿದ್ದೇ ಆಮೇಲೆ, ಹಲ್ಸ್ ಮತ್ತು ಟೇಲರ್ 1974ರಲ್ಲಿ ಕಂಡ ಜೋಡಿ ನಕ್ಷತ್ರದಿಂದ. ಆದರೂ ಲೆಕ್ಕ ನಿಲ್ಲಲಿಲ್ಲ. ಸಾಲ್ ಟ್ಯುಕೋಲ್ಸ್ಕಿ ಎಂಬ ಯುವಕ ಎಪ್ಪತ್ತರ ದಶಕದ ಆರಂಭದಲ್ಲಿ ತಿರುಗುವ ಕಪ್ಪುಕುಳಿಯ ಕದಲಿಕೆಗೂ ಸಮೀಕರಣ ಬರೆದರು. 1975ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್ವೈಲರ್ ಈ ಕಂಪನಗಳ ಸಂಖ್ಯೆಗಳನ್ನು ನಿಖರವಾಗಿ ಕಂಡುಹಿಡಿದರು. ವಿಶ್ವೇಶ್ವರ ಬೆಂಗಳೂರಿಗೆ ಹಿಂದಿರುಗಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅನಂತರ ಭಾರತೀಯ ಖಭೌತ ಸಂಸ್ಥೆಯಲ್ಲಿ. ಹೈಗ್ರೌಂಡ್ಸ್‌ನಲ್ಲಿ ನೆಹರು ತಾರಾಲಯ ಕಟ್ಟಿದಾಗ ಅದರ ಸ್ಥಾಪಕ ನಿರ್ದೇಶಕರು ಅವರೇ. ಅಲ್ಲಿ ಕತ್ತಲಲ್ಲಿ ಕೂತು ತಲೆಯೆತ್ತಿ ನೋಡಿದ ಸಾವಿರಾರು ಶಾಲಾಮಕ್ಕಳಿಗೆ, ಆ ಪ್ರದರ್ಶನಗಳನ್ನು ರೂಪಿಸಿದವರು ಕಪ್ಪುಕುಳಿಯ ಸ್ವರವನ್ನು ಮೊದಲು ಲೆಕ್ಕ ಹಾಕಿದವರೆಂದು ತಿಳಿದಿರಲಿಲ್ಲ. ಇದನ್ನು ನಮ್ಮ ಪಠ್ಯಪುಸ್ತಕಗಳು ಹೇಳಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅದೇ ರಾಮನ್ ಸಂಸ್ಥೆಯಲ್ಲಿ ಬಾಲಾ ಅಯ್ಯರ್ ಕಥೆಯ ಮೊದಲರ್ಧವನ್ನು ಕೈಗೆತ್ತಿಕೊಂಡರು: ಎರಡು ಕಪ್ಪುಕುಳಿಗಳು ಕೂಡುವ ಮೊದಲು ಸುತ್ತುತ್ತ ಹತ್ತಿರವಾಗುವಾಗ ಹೊರಡುವ ಅಲೆಯ ರೂಪ. ಫ್ರಾನ್ಸಿನ ಲೂಕ್ ಬ್ಲಾಂಶೆ, ತಿಬೋ ದಮೂರ್ ಮತ್ತು ಇತರರೊಂದಿಗೆ ಅವರು 1995ರಿಂದ ಮುಂದೆ ಪ್ರಕಟಿಸಿದ ಲೆಕ್ಕಗಳು ಇಲ್ಲದಿದ್ದರೆ ಲೈಗೊದ ಗದ್ದಲದಿಂದ ಸಂಕೇತವನ್ನು ಹೆಕ್ಕುವುದು ಕಷ್ಟವಾಗುತ್ತಿತ್ತು. ಪುಣೆಯ ಐಯುಕಾ ಸಂಸ್ಥೆಯಲ್ಲಿ ಸಂಜೀವ ಧುರಂಧರ ಅವರು ಗೊತ್ತಿರುವ ಅಲೆಯ ರೂಪವನ್ನು ದತ್ತಾಂಶದ ಮೇಲೆ ಜರುಗಿಸುತ್ತ ಹೊಂದಿಕೆ ಹುಡುಕುವ ವಿಧಾನಗಳನ್ನು ಬೆಳೆಸಿದರು. ಹೊರಗೆ ಹೆಚ್ಚು ಸುದ್ದಿಯಾಗದ ಕೆಲಸ ಇದು. ದಶಕಗಳ ಕಾಲ ಹಿಡಿದ ಕೆಲಸ.

ಎಲ್ಲಕ್ಕೂ ಉತ್ತರ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು, ಲೈಗೊ ಮೊದಲ ಬಾರಿಗೆ ಗುರುತ್ವದ ಅಲೆಯನ್ನು ಹಿಡಿದಾಗ. ಲೈಗೊದ ಪ್ರತಿ ವೀಕ್ಷಣಾಲಯದಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳು ಒಂದಕ್ಕೊಂದು ಲಂಬವಾಗಿ ಚಾಚಿವೆ. ಅವುಗಳ ತುದಿಯ ಕನ್ನಡಿಗಳ ನಡುವೆ ಲೇಸರ್ ಓಡಾಡುತ್ತದೆ. ಅಲೆ ಹಾದಾಗ ತೋಳಿನ ಉದ್ದ ಬದಲಾದದ್ದು ಒಂದು ಪ್ರೋಟಾನಿನ ವ್ಯಾಸದ ನೂರಾರರಲ್ಲಿ ಒಂದು ಪಾಲು ಮಾತ್ರ. ಸೂರ್ಯನ 36 ಮತ್ತು 29 ಪಟ್ಟು ಭಾರದ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದಾದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಗಳ ಶಕ್ತಿಯಾಗಿ ಹೊರಟುಹೋಯಿತು. ಪ್ರಕಟಣೆ ಬಂದದ್ದು 2016ರ ಫೆಬ್ರವರಿ 11ರಂದು. ಆ ಅಲೆಯ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ: ಏರುತ್ತ ಏರುತ್ತ ಶಿಖರ ಮುಟ್ಟಿ, ಆಮೇಲೆ ಥಟ್ಟನೆ ಕುಗ್ಗುವ ಗೆರೆ. ಕೊನೆಯಲ್ಲಿ ಕುಗ್ಗುವ ಆ ತುಣುಕೇ 1970ರ ಪ್ರಬಂಧದಲ್ಲಿದ್ದ ಬಾಲ. ವಿಶ್ವೇಶ್ವರ ಅದನ್ನು ನೋಡಿದರು. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದು ಚೆನ್ನಾಗಿ ಕಾಣುವ ಭಾಗಕ್ಕೆ ಬರುತ್ತೇನೆ. ಒಂದೇ ಸ್ವರವನ್ನು ಕೇಳಿದರೆ ಸಿದ್ಧಾಂತದ ಪರೀಕ್ಷೆ ಆಗುವುದಿಲ್ಲ. ಏಕೆ? ಒಂದು ಸ್ವರ ನಮಗೆ ಎರಡು ಅಳತೆ ಕೊಡುತ್ತದೆ: ಆವೃತ್ತಿ ಮತ್ತು ಕುಗ್ಗುವ ಕಾಲ. ಅವೆರಡನ್ನೂ ಬಳಸಿ ದ್ರವ್ಯರಾಶಿಯನ್ನೂ ತಿರುಗುವಿಕೆಯನ್ನೂ ಕಂಡುಕೊಂಡರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಎರಡನೆಯ ಸ್ವರ ಸಿಕ್ಕರೆ ಮಾತು ಬೇರೆ. ಅದರ ಆವೃತ್ತಿ ಇಷ್ಟೇ ಇರಬೇಕು, ಇಷ್ಟೇ ಬೇಗ ಕುಗ್ಗಬೇಕು ಎಂದು ಸಿದ್ಧಾಂತ ಮುಂಚೆಯೇ ಕಟ್ಟುಮಾಡಿಬಿಟ್ಟಿರುತ್ತದೆ. ತಪ್ಪಿದರೆ ಒಂದೋ ಅದು ಐನ್‌ಸ್ಟೈನ್ ಹೇಳಿದ ಕಪ್ಪುಕುಳಿಯಲ್ಲ, ಇಲ್ಲವೇ ಸಿದ್ಧಾಂತದಲ್ಲೇ ಕೊರತೆಯಿದೆ.

ತೊಡಕಿರುವುದು ಆ ಎರಡನೆಯ ಸ್ವರದಲ್ಲಿ. ಮೂಲಸ್ವರದ ಜೊತೆಗೇ ಹೊರಡುವ ಮೊದಲ ಉಪಸ್ವರದ ಆವೃತ್ತಿ ಅದಕ್ಕೆ ಬಹಳ ಹತ್ತಿರ ಇರುತ್ತದೆ. ಜೊತೆಗೆ ಸುಮಾರು ಮೂರು ಪಟ್ಟು ಬೇಗ ಕುಗ್ಗಿಹೋಗುತ್ತದೆ. ಮೂಲಸ್ವರ ನಾಲ್ಕು ಮಿಲಿಸೆಕೆಂಡು ಇದ್ದರೆ ಇದಕ್ಕೆ ಒಂದೂ ಚಿಲ್ಲರೆ. 2019ರಲ್ಲಿ ಮ್ಯಾಕ್ಸಿಮಿಲಿಯಾನೊ ಇಸಿ ಮತ್ತು ಸಂಗಡಿಗರು 2015ರ ದತ್ತಾಂಶವನ್ನೇ ಮತ್ತೆ ತೆಗೆದು, ಅದರಲ್ಲಿ ಉಪಸ್ವರ ಕೇಳುತ್ತಿದೆ ಎಂದರು. ಎಪ್ಪತ್ತರ ದಶಕದಲ್ಲಿ ಸಮೀಕರಣ ಬರೆದ ಟ್ಯುಕೋಲ್ಸ್ಕಿ ಕೂಡ ಆ ಪ್ರಬಂಧದ ಲೇಖಕರಲ್ಲಿ ಒಬ್ಬರು. 2022ರಲ್ಲಿ ಇನ್ನೊಂದು ತಂಡ ಇದನ್ನು ಒಪ್ಪಲಿಲ್ಲ. ರಿಂಗ್‌ಡೌನ್ ಯಾವ ಕ್ಷಣಕ್ಕೆ ಶುರುವಾಯಿತು ಎಂದು ಇಟ್ಟುಕೊಳ್ಳುತ್ತೀರೋ ಅದರ ಮೇಲೆ ಉತ್ತರ ಬದಲಾಗುತ್ತದೆ, ಗದ್ದಲವೇ ಉಪಸ್ವರದಂತೆ ಕಾಣಿಸುತ್ತಿರಬಹುದು ಎಂಬುದು ಅವರ ವಾದ. ಉತ್ತರಕ್ಕೆ ಪ್ರತ್ಯುತ್ತರ ಬಂತು. ಹೊಸ ಲೆಕ್ಕ, ಹೊಸ ಸಂಖ್ಯಾಶಾಸ್ತ್ರ ಬಂತು. ಯಾರೂ ಯಾರ ಪ್ರಾಮಾಣಿಕತೆಯನ್ನೂ ಪ್ರಶ್ನಿಸಲಿಲ್ಲ. ಒಂದೇ ದತ್ತಾಂಶ ಎಲ್ಲರ ಮುಂದೆಯೂ ತೆರೆದಿತ್ತು. ಜಗಳ ಇದ್ದದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಬಗ್ಗೆ. ಒಂದು ಕ್ಷೇತ್ರ ಪ್ರಬುದ್ಧವಾಗಿದೆ ಎಂದು ನಾನು ಗುರುತಿಸುವುದು ಇಂಥ ಜಗಳಗಳಿಂದ. ಇದನ್ನು ನೋಡಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ ಎಂದು ಕೈಚೆಲ್ಲುವವರಿದ್ದಾರೆ. ಹಾಗಲ್ಲ. ಇರುವ ಸಂಕೇತ ಎಷ್ಟು ಹೇಳಬಲ್ಲದೋ ಅದಕ್ಕಿಂತ ಹೆಚ್ಚು ಹೇಳಿಸಬಾರದು ಎಂಬ ಶಿಸ್ತು ಅದು. ಇತ್ಯರ್ಥಕ್ಕೆ ಬೇಕಾಗಿದ್ದದ್ದು ಇನ್ನೊಂದು, ಇನ್ನೂ ಜೋರಾದ ಸಂಕೇತ.

ಸಂಕ್ರಾಂತಿಯ ದಿನ ಬಂದದ್ದು ಅದೇ. ಜಿಡಬ್ಲ್ಯು250114ರ ಕಪ್ಪುಕುಳಿಗಳು ಸೂರ್ಯನ 34 ಮತ್ತು 32 ಪಟ್ಟಿನ ಆಸುಪಾಸಿನವು, ಕೂಡಿ ಆದದ್ದು 63ರ ಆಸುಪಾಸು. ದೂರವೂ ಹೆಚ್ಚುಕಡಿಮೆ 2015ರದ್ದೇ. ಆದರೆ ಹತ್ತು ವರ್ಷಗಳಲ್ಲಿ ಉಪಕರಣ ಬದಲಾಗಿತ್ತು. ಬೆಳಕಿನ ಕ್ವಾಂಟಂ ಗದ್ದಲವನ್ನೂ ಹಿಂಡಿ ತಗ್ಗಿಸುವ ತಂತ್ರ ಬಂದಿತ್ತು, ಕನ್ನಡಿಗಳು ಸುಧಾರಿಸಿದ್ದವು. 2015ರ ಸಂಕೇತ ಗದ್ದಲಕ್ಕಿಂತ ಇಪ್ಪತ್ತೈದು ಪಟ್ಟು ಬಲವಾಗಿದ್ದರೆ ಇದು ಎಂಬತ್ತು ಪಟ್ಟಿನ ಹತ್ತಿರ. 2025ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶಗಳು ಪ್ರಕಟವಾದವು. ಮೂಲಸ್ವರ ಸಿಕ್ಕಿತು, ಮೊದಲ ಉಪಸ್ವರವೂ ಗಟ್ಟಿಯಾಗಿ ಸಿಕ್ಕಿತು. ಎರಡೂ ಒಂದೇ ದ್ರವ್ಯರಾಶಿ, ಒಂದೇ ತಿರುಗುವಿಕೆಯ ಕಡೆಗೆ ಬೆರಳು ತೋರಿಸಿದವು. ಅಳತೆಯ ನಿಖರತೆಯ ಮಿತಿಯೊಳಗೆ ಅದು 1963ರಲ್ಲಿ ರಾಯ್ ಕರ್ ಬರೆದ ತಿರುಗುವ ಕಪ್ಪುಕುಳಿಯೇ.

ಅದೇ ಸಂಕೇತದಿಂದ ಇನ್ನೊಂದು ಪರೀಕ್ಷೆಯೂ ನಡೆಯಿತು. 1971ರಲ್ಲಿ ಸ್ಟೀಫನ್ ಹಾಕಿಂಗ್ ಒಂದು ಪ್ರಮೇಯ ಸಾಧಿಸಿದ್ದರು: ಕಪ್ಪುಕುಳಿಗಳ ಗಡಿಯ ಒಟ್ಟು ವಿಸ್ತೀರ್ಣ ಎಂದೂ ಕಡಿಮೆಯಾಗದು. ಮೊದಲು ಕೇಳಿದಾಗ ಇದರಲ್ಲಿ ಬೆರಗಿನದೇನೂ ಕಾಣುವುದಿಲ್ಲ. ಆದರೆ ಕೂಡುವಾಗ ಮೂರು ಸೂರ್ಯರಷ್ಟು ದ್ರವ್ಯ ಕಳೆದುಹೋಗುತ್ತದೆ ಎಂಬುದನ್ನು ನೆನೆಯಿರಿ. ತೂಕ ಇಳಿದೂ ವಿಸ್ತೀರ್ಣ ಏರಬೇಕು. ವಿಸ್ತೀರ್ಣ ದ್ರವ್ಯರಾಶಿಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಇದು ಸಾಧ್ಯ. ಕೂಡುವ ಮೊದಲಿನ ಅಲೆಯಿಂದ ಎರಡರ ವಿಸ್ತೀರ್ಣ ಲೆಕ್ಕ ಹಾಕಿದರು: ಒಟ್ಟು ಸುಮಾರು 2.4 ಲಕ್ಷ ಚದರ ಕಿಲೋಮೀಟರ್. ರಿಂಗ್‌ಡೌನ್‌ನಿಂದ ಹೊಸ ಕಪ್ಪುಕುಳಿಯ ವಿಸ್ತೀರ್ಣ ಕಂಡುಕೊಂಡರು: ಸುಮಾರು 4 ಲಕ್ಷ. ನಮ್ಮ ರಾಜ್ಯದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರ್ ಎಂದರೆ ಈ ಅಳತೆ ಕಣ್ಣಿಗೆ ಕಟ್ಟುತ್ತದೆ. ಎರಡೂ ಅಳತೆಗಳು ಅಲೆಯ ಬೇರೆಬೇರೆ ಭಾಗದಿಂದ, ಒಂದರ ಹಂಗು ಇನ್ನೊಂದಕ್ಕಿಲ್ಲದೆ ಬಂದವು ಎಂಬುದು ಮುಖ್ಯ. 2021ರಲ್ಲಿ ಹಳೆಯ ಸಂಕೇತದಿಂದ ಇದೇ ಪರೀಕ್ಷೆ ಮಾಡಿದಾಗ ಸಿಕ್ಕ ಭರವಸೆ ಶೇಕಡಾ 95. ಈಗ ಅದು ಶೇಕಡಾ 99.999. ಹಾಕಿಂಗ್ 2018ರಲ್ಲೇ ತೀರಿಕೊಂಡಿದ್ದರು.

ಈ ಪ್ರಮೇಯ ಯಾಕೆ ಇಷ್ಟು ಮುಖ್ಯ? ಉಷ್ಣಬಲವಿಜ್ಞಾನದ ಎರಡನೆಯ ನಿಯಮ ನಿಮಗೆ ಗೊತ್ತು: ಒಟ್ಟು ಎಂಟ್ರೊಪಿ ಕಡಿಮೆಯಾಗದು. ಕಪ್ಪುಕುಳಿಯ ವಿಸ್ತೀರ್ಣವೂ ಹಾಗೆಯೇ ವರ್ತಿಸುವುದನ್ನು ಕಂಡು ಜೇಕಬ್ ಬೆಕೆನ್‌ಸ್ಟೈನ್ ವಿಸ್ತೀರ್ಣವೇ ಕಪ್ಪುಕುಳಿಯ ಎಂಟ್ರೊಪಿಯ ಅಳತೆ ಎಂದು ಸೂಚಿಸಿದರು. ಹಾಕಿಂಗ್ 1974ರಲ್ಲಿ ಕಪ್ಪುಕುಳಿಗೆ ಉಷ್ಣತೆಯೂ ಇದೆ ಎಂದು ತೋರಿಸಿದರು. ಗುರುತ್ವ ಮತ್ತು ಕ್ವಾಂಟಂ ವಿಜ್ಞಾನ ಎಲ್ಲಿ ಕೂಡುತ್ತವೆ ಎಂದು ಹುಡುಕುವವರು ಇವತ್ತಿಗೂ ಹೊರಡುವುದು ಇಲ್ಲಿಂದಲೇ.

ಬದಲಿ ಸಿದ್ಧಾಂತಗಳ ಗತಿಯೇನು? ಅವನ್ನು ಕಟ್ಟುವವರಿಗೆ ಬಲವಾದ ಕಾರಣಗಳಿವೆ. ವಿಶ್ವದ ಹಿಗ್ಗುವಿಕೆ ರಭಸಗೊಳ್ಳುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಅದಕ್ಕೆ ಕಾರಣ ಡಾರ್ಕ್ ಎನರ್ಜಿ ಎಂಬ ಕಾಣದ ಶಕ್ತಿಯೋ, ದೊಡ್ಡ ದೂರಗಳಲ್ಲಿ ಗುರುತ್ವವೇ ಬೇರೆ ಥರ ವರ್ತಿಸುತ್ತದೆಯೋ ತಿಳಿಯದು. ಎರಡನೆಯ ದಾರಿ ಹಿಡಿದ ಸಿದ್ಧಾಂತಗಳಲ್ಲಿ ಅನೇಕ, ಗುರುತ್ವದ ಅಲೆಯ ವೇಗ ಬೆಳಕಿನ ವೇಗಕ್ಕಿಂತ ಭಿನ್ನ ಎನ್ನುತ್ತಿದ್ದವು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದ ಅಲೆ ಬಂತು, 1.7 ಸೆಕೆಂಡಿನಲ್ಲಿ ಅದೇ ದಿಕ್ಕಿನಿಂದ ಗಾಮಾ ಕಿರಣವೂ ಬಂತು. ಸುಮಾರು 13 ಕೋಟಿ ವರ್ಷ ಪಯಣಿಸಿದ ಎರಡರ ನಡುವೆ ಇದ್ದ ಅಂತರ ಎರಡು ಸೆಕೆಂಡಿಗೂ ಕಡಿಮೆ. ಒಂದೇ ದಿನದಲ್ಲಿ ಹಲವು ವರ್ಷಗಳ ಸಿದ್ಧಾಂತಗಳು ಪಟ್ಟಿಯಿಂದ ಹೊರಬಿದ್ದವು. ಅವನ್ನು ರೂಪಿಸಿದವರು ವ್ಯರ್ಥ ಕೆಲಸ ಮಾಡಿದರೆಂದು ನಾನು ಹೇಳಲಾರೆ. ಅಳೆದು ತಳ್ಳಿಹಾಕಬಹುದಾದಷ್ಟು ಖಚಿತವಾಗಿ ಅವರು ತಮ್ಮ ಮಾತನ್ನು ಹೇಳಿದ್ದರು.

ಹಿಗ್ಗುವಿಕೆಯ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ವಿಶ್ವದ ಬಾಲ್ಯದ ಬೆಳಕನ್ನು ಅಳೆದ ಪ್ಲ್ಯಾಂಕ್ ಉಪಗ್ರಹದ ಪ್ರಕಾರ ಈ ಹಿಗ್ಗುವಿಕೆಯ ದರ, ಅಂದರೆ ಹಬಲ್ ಸ್ಥಿರಾಂಕ, 67.4, ಹತ್ತಿರದ ನಕ್ಷತ್ರಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಅಳೆದವರ ಪ್ರಕಾರ 73. ಎರಡರ ನಡುವಿನ ಅಂತರ ಅಳತೆಯ ದೋಷಕ್ಕಿಂತ ದೊಡ್ಡದು. ಗುರುತ್ವದ ಅಲೆಯಿಂದಲೇ ನೇರವಾಗಿ ದೂರ ಅಳೆಯಬಹುದು ಎಂದು ಬರ್ನಾರ್ಡ್ ಶುಟ್ಜ್ 1986ರಲ್ಲೇ ತೋರಿಸಿದ್ದರು. 2017ರ ಘಟನೆಯಿಂದ ಹಾಗೆ ಬಂದ ಉತ್ತರ ಸುಮಾರು 70, ಆದರೆ ಅದರ ಅನಿಶ್ಚಿತತೆ ಎರಡೂ ಉತ್ತರಗಳನ್ನು ಒಳಗೊಳ್ಳುವಷ್ಟು ಅಗಲ. ಅರಿಜೋನಾದ ಡೆಸಿ ಸಮೀಕ್ಷೆ 2025ರ ಮಾರ್ಚ್‌ನಲ್ಲಿ, ಡಾರ್ಕ್ ಎನರ್ಜಿ ಕಾಲದೊಂದಿಗೆ ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿತು. ಯಾವ ದತ್ತಾಂಶದ ಜೊತೆ ಸೇರಿಸುತ್ತೀರಿ ಎಂಬುದರ ಮೇಲೆ ಆ ಸುಳಿವಿನ ಬಲ 2.8ರಿಂದ 4.2 ಸಿಗ್ಮಾ. ಶೋಧ ಎನ್ನಲು ವಾಡಿಕೆಯ ಗಡಿ ಐದು ಸಿಗ್ಮಾ. ಪತ್ರಿಕೆಗಳು ಆಗಲೇ ಐನ್‌ಸ್ಟೈನರನ್ನು ಮನೆಗೆ ಕಳಿಸಿದವು. ನಾನಾದರೆ ಕಾಯುತ್ತೇನೆ. ಉಪಸ್ವರದ ವಿಷಯದಲ್ಲಿ ಕಾದವರಿಗೆ ಗಟ್ಟಿಯಾದ ಉತ್ತರ ಸಿಕ್ಕಿತು.

ಗಣಿತಜ್ಞರ ಮಾತನ್ನು ಬಿಟ್ಟರೆ ತಪ್ಪಾದೀತು. ವಿಶ್ವೇಶ್ವರ ತೋರಿಸಿದ್ದು ಕದಲಿಕೆ ಬಹಳ ಸಣ್ಣದಾಗಿದ್ದಾಗ, ತಿರುಗದ ಕಪ್ಪುಕುಳಿ ಸ್ಥಿರ ಎಂದು. ಐನ್‌ಸ್ಟೈನರ ಪೂರ್ಣ ಸಮೀಕರಣಗಳಲ್ಲಿ, ಯಾವುದನ್ನೂ ಕೈಬಿಡದೆ, ತಿರುಗುವ ಕಪ್ಪುಕುಳಿಯೂ ಸ್ಥಿರವೇ? ಎಲೆನಾ ಜಾರ್ಜಿ, ಸೆರ್ಗಿಯು ಕ್ಲೈನರ್‌ಮನ್, ಜೆರೆಮಿ ಸೆಫ್ಟೆಲ್ 2022ರಲ್ಲಿ ನಿಧಾನವಾಗಿ ತಿರುಗುವ ಕಪ್ಪುಕುಳಿಗೆ ಇದರ ಸಾಧನೆಯನ್ನು ಮುಗಿಸಿದರು. ಆ ಒಂದು ಪ್ರಬಂಧವೇ ಒಂಬೈನೂರಕ್ಕೂ ಹೆಚ್ಚು ಪುಟ. ರಭಸದಿಂದ ತಿರುಗುವುದರ ಸಾಧನೆ ಇನ್ನೂ ಬಾಕಿಯಿದೆ. ಲೈಗೊಗೆ ಕೇಳಿಸುತ್ತಿರುವುದು ಹೆಚ್ಚಾಗಿ ಅಂಥವೇ ಎಂಬುದನ್ನು ಗಣಿತದ ವಿದ್ಯಾರ್ಥಿಗಳು ಗಮನಿಸಬೇಕು.

ಮುಂದಿನದು. ನಮ್ಮ ಆಕಾಶಗಂಗೆಯ ನಡುವೆ ಸೂರ್ಯನ ನಲವತ್ತು ಲಕ್ಷ ಪಟ್ಟು ಭಾರದ ಕಪ್ಪುಕುಳಿ ಇದೆ. ಆಗಲೇ ಹೇಳಿದ ಲೆಕ್ಕ ಹಾಕಿ ನೋಡಿ: ಅಂಥ ಎರಡು ಕೂಡಿದರೆ ಒಂದು ಕಂಪನಕ್ಕೇ ಹಲವು ನಿಮಿಷ ಬೇಕು. ಇಷ್ಟು ನಿಧಾನವಾದ ಅಲೆಯನ್ನು ಭೂಮಿಯ ಮೇಲೆ ಅಳೆಯಲಾಗದು, ನೆಲದ ಅಲುಗಾಟವೇ ಅದನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಯುರೋಪಿನ ಲೀಸಾ ಯೋಜನೆ 2035ರ ಸುಮಾರಿಗೆ ಮೂರು ನೌಕೆಗಳನ್ನು ಬಾಹ್ಯಾಕಾಶಕ್ಕೆ ಕಳಿಸಲಿದೆ. ಅವುಗಳ ನಡುವಿನ ಅಂತರ 25 ಲಕ್ಷ ಕಿಲೋಮೀಟರ್. ಅಲ್ಲಿ ರಿಂಗ್‌ಡೌನ್ ಎಷ್ಟು ಬಲವಾಗಿರಬಹುದೆಂದರೆ ಎರಡಲ್ಲ, ಹಲವು ಸ್ವರಗಳನ್ನು ಬಿಡಿಸಿ ಕೇಳಬಹುದು.

ನಮ್ಮ ನೆಲದ ಮೇಲೆ ಲೈಗೊ-ಇಂಡಿಯಾ ಬರುತ್ತಿದೆ. ಜಾಗ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆ, ಔಂಢಾ ನಾಗನಾಥದ ಬಳಿ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಿಂದ ಅಲೆ ಆಕಾಶದ ಯಾವ ದಿಕ್ಕಿನಿಂದ ಬಂತು ಎಂಬುದು ಹೆಚ್ಚು ನಿಖರವಾಗಿ ತಿಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಗುರುತ್ವ ಸಿದ್ಧಾಂತಕ್ಕೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಐನ್‌ಸ್ಟೈನರ ಸಿದ್ಧಾಂತದಲ್ಲಿ ಗುರುತ್ವದ ಅಲೆಗೆ ಎರಡೇ ಬಗೆಯ ಧ್ರುವೀಕರಣ, ಅಂದರೆ ಅದು ಅಲುಗಿಸುವ ರೀತಿ ಎರಡೇ. ಬೇರೆ ಸಿದ್ಧಾಂತಗಳಲ್ಲಿ ಆರರವರೆಗೂ ಇರಬಹುದು. ಅಮೆರಿಕದ ಎರಡು ಲೈಗೊಗಳ ತೋಳುಗಳನ್ನು ಸಂಕೇತ ಹೊಂದಿಕೆಯಾಗಲೆಂದು ಹೆಚ್ಚುಕಡಿಮೆ ಒಂದೇ ಓರಣದಲ್ಲಿ ಕಟ್ಟಿದ್ದಾರೆ. ಆದ್ದರಿಂದ ಧ್ರುವೀಕರಣಗಳನ್ನು ಬಿಡಿಸುವುದು ಅವಕ್ಕೆ ಕಷ್ಟ. ಭೂಮಿಯ ಈ ಬದಿಯಲ್ಲಿ, ಬೇರೆ ಕೋನದಲ್ಲಿ ಅಷ್ಟೇ ಸೂಕ್ಷ್ಮವಾದ ಇನ್ನೊಂದು ಉಪಕರಣ ನಿಂತಾಗ ಆ ಪರೀಕ್ಷೆ ಗಂಭೀರವಾಗಿ ಶುರುವಾಗುತ್ತದೆ. ಅದರ ದತ್ತಾಂಶ ಬಿಡಿಸುವವರು ಈಗ ನಮ್ಮ ಕಾಲೇಜುಗಳಲ್ಲಿ ಓದುತ್ತಿರುವವರೇ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾಹಿತಿ. 2015ರ ಮೊದಲ ಸಂಕೇತದ ದತ್ತಾಂಶವನ್ನು ಲೈಗೊ ಸಾರ್ವಜನಿಕವಾಗಿ ಇಟ್ಟಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಾಮಾನ್ಯ ಲ್ಯಾಪ್‌ಟಾಪ್ ಮತ್ತು ಪೈಥಾನ್ ಸಾಕು. ಗದ್ದಲವನ್ನು ಸೋಸಿ, ಶಿಖರದ ನಂತರದ ಕೆಲವು ಮಿಲಿಸೆಕೆಂಡುಗಳನ್ನು ಮಾತ್ರ ಕತ್ತರಿಸಿ ತೆಗೆದು, ಕುಗ್ಗುವ ಒಂದು ಸೈನ್ ಗೆರೆಯನ್ನು ಅದಕ್ಕೆ ಹೊಂದಿಸಿ. ಆವೃತ್ತಿ 250 ಹರ್ಟ್ಸ್‌ನ ಸುತ್ತ ಬರುತ್ತದೆ. ಆಮೇಲೆ ಆರಂಭದ ಕ್ಷಣವನ್ನು ಒಂದೊಂದೇ ಮಿಲಿಸೆಕೆಂಡು ಹಿಂದೆ ಮುಂದೆ ಜರುಗಿಸಿ ಉತ್ತರ ಹೇಗೆ ಬದಲಾಗುತ್ತದೆ ನೋಡಿ. 2019ರಿಂದ 2022ರವರೆಗಿನ ವಾದದ ಎರಡೂ ಬದಿ ನಿಮಗೆ ಅಲ್ಲೇ ಅರ್ಥವಾಗುತ್ತವೆ. ನಿಮ್ಮ ಅಧ್ಯಾಪಕರು ಒಪ್ಪಿದರೆ ಅದನ್ನು ಈ ವರ್ಷದ ಪ್ರಾಜೆಕ್ಟ್ ಆಗಿಯೇ ತೆಗೆದುಕೊಳ್ಳಬಹುದು.